ಗುರುವಾರದ ಹಲ್ವಾ

"ಖಾನಂ, ಹೆತ್ತ ತಾಯಿ ಹತ್ರ ಮಾತಾಡ್ತೀನಿ ಅಂದ್ರೆ ಸುಳ್ಳುಗಾರ ಅಂತಾರಲ್ಲ!" ಎನ್ನುತ್ತಾ ಖೊಸ್ರೋ ನಮ್ಮ ಸೋಫಾದ ಮೇಲೆ ಕುಸಿದ. ಅವನು ಅಮೆರಿಕದ ವರ್ಜೀನಿಯಾದ ಹಡಗುಕಟ್ಟೆಯಲ್ಲಿ ಎಂಜಿನಿಯರ್. ಸರ್ಕಾರ ಅವನ ರಹಸ್ಯ ಕೆಲಸದ ಅನುಮತಿಯನ್ನು ಕಿತ್ತುಕೊಂಡಿತ್ತು. ಮೇಲ್ಮನವಿಯ ವಿಚಾರಣೆ ಸೋಮವಾರ. ತಾಯಿಯದೆಂದು ವಾರವಾರ ಅವನು ಕರೆ ಮಾಡುವ ಇರಾನಿನ ಶಿರಾಜ್ ಊರಿನ ನಂಬರು ಬೇರೆ ಯಾವುದೋ ಹೆಂಗಸಿನದಂತೆ. ಹೊರದೇಶದ ಹಿಡಿತಕ್ಕೆ ಸಿಕ್ಕವನೆಂದು ಅವನ ಮೇಲೆ ಆರೋಪ.

"ಹಾಳಾದವರು! ಮೊದಲೇ ತೀರ್ಮಾನ ಮಾಡ್ಬಿಟ್ಟಿದಾರೆ!" ಎಂದು ನಾನು ಕೂಗಾಡಿದೆ.

"ನೀನು ಸ್ವಲ್ಪ ಬಾಯಿ ಮುಚ್ಚು" ಎಂದರು ಅಖ್ತರ್ ಖಾನಂ. ಇರಾನಿಯರಾದ ನಮ್ಮಲ್ಲಿ ಖಾನಂ ಎಂದರೆ ಅಮ್ಮಾವ್ರು. ಇಂಥ ಎಷ್ಟೋ ಮೇಲ್ಮನವಿಗಳ ಗಂಟು ಬಿಡಿಸಿದ ಹೆಂಗಸು ಅವರು. ಅವರ ಕಾರು ಓಡಿಸುತ್ತಾ ಬೈಸಿಕೊಳ್ಳುವವನು ನಾನು. "ಅಮ್ಮನ ಮುಖ ಯಾವಾಗ ನೋಡಿದ್ದಪ್ಪಾ?"

"ಹೋದ ಚಳಿಗಾಲದಿಂದ ಕ್ಯಾಮೆರಾ ಕೆಟ್ಟಿದೆ. ದನಿ ಮಾತ್ರ. ಅಲ್ಲಿ ಅಮ್ಮನ ಜೊತೆ ಇರೋದು ಚಿಕ್ಕಮ್ಮ ಮಹೀನ್ ಒಬ್ಬಳೇ. ಹೊಸ ನಂಬರು ಆಗಲೇ ನನ್ನ ಹೆಂಡತಿ ಶೀವಾನೇ ಕೊಟ್ಟಿದ್ದು."

ಗುರುವಾರ ಸಂಜೆ ಅವನ ಮನೆಗೆ ಹೋದೆವು. ಶೀವಾ ಚಹಾ, ಖರ್ಜೂರ, ಕೇಸರಿ ಹಾಕಿದ ಬಿಸಿ ಹಲ್ವಾ ತಂದಿಟ್ಟಳು. ತೀರಿಹೋದವರ ಹೆಸರಿನಲ್ಲಿ ಗುರುವಾರ ಹಲ್ವಾ ಮಾಡುವುದು ನಮ್ಮಲ್ಲಿ ರೂಢಿ.

"ಇವಳ ಅಜ್ಜಿ ಹೆಸರಲ್ಲಿ ವಾರವಾರ ತಿಂದು ನಾನು ಊದ್ಕೊಂಡಿದೀನಿ ನೋಡಿ" ಎಂದು ಖೊಸ್ರೋ ನಕ್ಕ.

"ಅಜ್ಜಿ ತೀರ್ಕೊಂಡಿದ್ದು?" ಎಂದರು ಖಾನಂ.

"ನಮ್ಮ ಮದುವೆಗೂ ಮುಂಚೆ."

"ಹಲ್ವಾ ಶುರುವಾಗಿದ್ದು?"

"ಹೋದ ಚಳಿಗಾಲ..." ಖೊಸ್ರೋನ ಕೈ ಅರ್ಧದಲ್ಲೇ ನಿಂತಿತು.

ಖಾನಂ ಎಲ್ಲರನ್ನೂ ಕೂರಿಸಿ ನಿಧಾನವಾಗಿ ಹೇಳಿದರು. "ಮುಖ ಮರೆಯಾಗಿದ್ದು, ನಂಬರು ಬದಲಾಗಿದ್ದು, ಹಲ್ವಾ ಶುರುವಾಗಿದ್ದು, ಮೂರೂ ಒಂದೇ ಚಳಿಗಾಲದಲ್ಲಿ. ಸರ್ಕಾರ ಹೇಳಿದ್ದೂ ನಿಜ, ನೀನು ಹೇಳಿದ್ದೂ ಸುಳ್ಳಲ್ಲ. ಹಲ್ವಾ ನಿನ್ನ ಅಮ್ಮನ ಹೆಸರಲ್ಲಿ, ದನಿ ನಿನ್ನ ಚಿಕ್ಕಮ್ಮ ಮಹೀನ್‌ದು. ಅಮ್ಮನ ಥರದ ದನಿ ಅಂದ್ರೆ ತಂಗಿದೇ ಅಲ್ವಾ? ಶೀವಾ, ಇನ್ನು ಹೇಳಮ್ಮ."

ಶೀವಾ ಗೋಳೋ ಎಂದು ಅತ್ತಳು. "ಹೇಳ್ಬೇಡ ಅಂತ ಸಾಯೋ ಮುಂಚೆ ಅತ್ತೇನೇ ಆಣೆ ಹಾಕಿಸ್ಕೊಂಡ್ರು. ಗೊತ್ತಾದ್ರೆ ಮಣ್ಣಿಗೆ ಓಡ್ತಾನೆ, ಅಲ್ಲಿಗೆ ಹೋದ್ರೆ ಕೆಲಸ ಹೋಗುತ್ತೆ ಅಂದ್ರು."

ದೂರದಲ್ಲಿರುವ ಮಕ್ಕಳಿಗೆ ಸಾವಿನ ಸುದ್ದಿ ಮುಚ್ಚಿಡುವುದು ನಮ್ಮವರ ಪ್ರೀತಿ. ಇಂಥ ಪ್ರೀತಿಗೆ ಏನೆಂದು ಬೈಯಲಿ?

ವಿಚಾರಣೆಯಲ್ಲಿ ಶೀವಾ ಸಾಕ್ಷಿ ಹೇಳಿದಳು, ಮರಣಪತ್ರವೂ ಬಂತು. ಖೊಸ್ರೋ ಗೆದ್ದ. ಅವನನ್ನು ಮಣಿಸಲು ಹೊರದೇಶದಲ್ಲಿ ತಾಯಿ ಉಳಿದಿಲ್ಲ ಎಂದು ತೀರ್ಪಿನಲ್ಲಿ ಬರೆದಿತ್ತು.

ಅಂದು ಸಂಜೆ ಅವನು ನಮ್ಮೆದುರೇ ಶಿರಾಜಿಗೆ ಫೋನು ಮಾಡಿದ. ಆ ಕಡೆಯಿಂದ ಬರೀ ಅಳು ಕೇಳಿಸುತ್ತಿತ್ತು.

"ಚಿಕ್ಕಮ್ಮಾ, ಇದೊಂದ್ಸಲ ಅಮ್ಮ ಕೇಳ್ತಿದ್ದ ಹಾಗೇ ಕೇಳು."

ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಮೆಲ್ಲಗೆ, "ಊಟ ಆಯ್ತಾ, ಮಗನೇ?"

"ಆಯ್ತಮ್ಮಾ" ಎಂದ ಖೊಸ್ರೋ.

ಬೆಳಗಿನಿಂದ ಅವನು ಒಂದು ತುತ್ತೂ ತಿಂದಿರಲಿಲ್ಲ.