ತೂಕಕ್ಕೆ ನಿಂತ ಪಿಕಪ್‌ಗಳು

ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಚರ್ಚಿನ ಅಂಗಳಕ್ಕೆ ಮೊದಲು ಹೋದವನು ಅಲ್ಲಿನ ಎಲ್ಡರ್, ಅಂದರೆ ಹಿರಿಯನಾದ ನಾನೇ. ಟಾರ್ಪಾಲು ಇತ್ತು, ಅದು ಹಾರದಂತೆ ಇಟ್ಟ ಕಲ್ಲುಗಳಿದ್ದವು. ಅದರಡಿ ಇರಬೇಕಾದ ಗಂಟೆ ಇರಲಿಲ್ಲ.

ಅದು ಇನ್ನೂರೈವತ್ತು ಪೌಂಡ್ ತೂಕದ ಕಂಚಿನ ಗಂಟೆ. ಮೊದಲು ತಾಮ್ರದ ಗಣಿಯ ಶಾಲೆಯಲ್ಲಿತ್ತು. ಗಣಿ ಮುಚ್ಚಿದ ಮೇಲೆ ನಮ್ಮ ಚರ್ಚಿಗೆ ಬಂದಿತ್ತು. ಕಳೆದ ಅಕ್ಟೋಬರಿನಲ್ಲಿ ನನ್ನ ಹೆಂಡತಿ ಹ್ಯಾರಿಯೆಟ್‌ಳನ್ನು ಮಣ್ಣಿಗೆ ಒಪ್ಪಿಸಿದ ದಿನ ಬಾರಿಸಿದ್ದು ಅದೇ ಗಂಟೆ. ಟಾರ್ಪಾಲನ್ನು ಮತ್ತೆ ಹಾಸಿ, ಒಂದು ಕ್ಷಣ ದೇವರನ್ನು ನೆನೆದು, ನೇರವಾಗಿ ಡೋರಾ ಪ್ರುಯಿಟ್‌ಳ ಬಾಗಿಲು ತಟ್ಟಿದೆ.

ಮರಳುಗಾಡಿನ ನಮ್ಮ ಸಾಲ್ಟ್ ವಾಶ್ ಶಿಬಿರಕ್ಕೆ ಚಳಿಗಾಲದಲ್ಲಿ ಬರುವವರು ಬಹಳ, ವರ್ಷವಿಡೀ ಉಳಿಯುವವರು ನಾನು ಮತ್ತು ಡೋರಾ ಇಬ್ಬರೇ. ಹೆದ್ದಾರಿಯ ತೂಕದ ಠಾಣೆಯಲ್ಲಿ ಅಧಿಕಾರಿಯಾಗಿ ನಿವೃತ್ತಳಾದ ಅವಳಿಗೆ, ಲಾರಿ ಉಸಿರೆಳೆಯುವ ರೀತಿ ನೋಡಿಯೇ ಅದರ ಹೊಟ್ಟೆಯಲ್ಲೇನಿದೆ ಎಂದು ಹೇಳುವ ಅಭ್ಯಾಸ. ಕಳೆದುಹೋದ ಬೆಕ್ಕಿನಿಂದ ನಕಲಿ ನೀಲಿಕಲ್ಲಿನವರೆಗೆ ಶಿಬಿರದ ಒಗಟುಗಳೆಲ್ಲ ಅವಳ ಬಳಿಗೇ ಬರುತ್ತಿದ್ದವು.

"ಕೂತ್ಕೊಳ್ಳಿ, ಎಲ್ಡರ್. ಕಾಫಿ ಕುಡೀರಿ," ಎಂದಳು. "ಇನ್ನೂರೈವತ್ತು ಪೌಂಡನ್ನ ಯಾರೂ ಕಂಕುಳಲ್ಲಿ ಇಟ್ಕೊಂಡು ಹೋಗಲ್ಲ. ರಸ್ತೆನೂ ಇಲ್ಲ."

ರಸ್ತೆ ನಿಜವಾಗಿಯೂ ಇರಲಿಲ್ಲ. ಶನಿವಾರ ಮಧ್ಯಾಹ್ನ ಬೆಟ್ಟದಲ್ಲಿ ಮಳೆ ಸುರಿದು, ಒಣ ಹಳ್ಳ ಉಕ್ಕಿ, ಶಿಬಿರದ ಏಕೈಕ ದಾರಿಯನ್ನು ಕಚ್ಚಿಕೊಂಡು ಹೋಗಿತ್ತು. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಸೋಮವಾರ ದಾರಿ ಸರಿಯಾಗುವವರೆಗೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಶನಿವಾರ ಸಂಜೆ ಎಲ್ಲರೂ ಸಭಾಭವನದಲ್ಲಿ ಸೇರಿ ಉಂಡು ಹಾಡುತ್ತಿದ್ದಾಗ ಕಳ್ಳತನ ನಡೆದಿರಬೇಕು. ಗಂಟೆ ಇನ್ನೂ ಶಿಬಿರದಲ್ಲೇ ಇತ್ತು.

ಶನಿವಾರ ನಮ್ಮೊಂದಿಗೆ ಮಧ್ಯಾಹ್ನದ ಊಟಕ್ಕೆ ಬಂದು ಇಲ್ಲೇ ಸಿಕ್ಕಿಕೊಂಡಿದ್ದ ಪೊಲೀಸ್ ಡೆಪ್ಯುಟಿ ಕ್ಲೈಡ್ ನಟ್ಟಲ್ ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕಳ್ಳನನ್ನು ಗೊತ್ತುಮಾಡಿಬಿಟ್ಟಿದ್ದ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದ:

"ಗಂಟೆ ಇಳಿಸಿದ್ದು ಯಾರು? ಆನ್ಸೆಲ್ಮೊ ಟಫೋಯಾ! ಅದನ್ನ ಎತ್ತೋ ಸಾಮಾನು ಇರೋದು ಯಾರ ಹತ್ರ? ಆನ್ಸೆಲ್ಮೊ ಟಫೋಯಾ! ಅವನ ಗಾಡಿ ಹಿಂಭಾಗ ನೋಡ್ರಪ್ಪಾ, ನೆಲಕ್ಕೆ ಮುತ್ತು ಕೊಡ್ತಿದೆ!"

ಆನ್ಸೆಲ್ಮೊ ನಮ್ಮ ಶಿಬಿರದ ಬೆಸುಗೆಗಾರ. ಗಂಟೆಯನ್ನು ತೂಗುಹಾಕುವ ತೊಲೆ ಬಿರುಕುಬಿಟ್ಟಿದ್ದರಿಂದ ಶುಕ್ರವಾರ ಗಂಟೆ ಇಳಿಸಿ, ಹೊಸ ತೊಲೆಯನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿದ್ದ. ಅವನೂ ಅವನ ಹೆಂಡತಿ ರಮೋನಾಳೂ ಎಲ್ಲರಂತೆ ಪಿಕಪ್ಪಿನ ಬೆನ್ನ ಮೇಲೆ ಕೂರಿಸಿದ ಪುಟ್ಟ ಮನೆಯಲ್ಲಿ, ಅಂದರೆ ಕ್ಯಾಂಪರಿನಲ್ಲಿ ವಾಸವಾಗಿದ್ದರು.

"ಬಾಗಿಲು ತೆಗಿ, ಒಳಗೆ ನೋಡಿಬಿಡ್ತೀನಿ," ಎಂದ ಡೆಪ್ಯುಟಿ.

ರಮೋನಾ ಬಾಗಿಲಿಗೆ ಅಡ್ಡ ನಿಂತಳು. "ಜಡ್ಜ್ ಕಾಗದ ತಗೊಂಬನ್ನಿ. ಕಳ್ಳ ಅಂತ ಕರೆದವರನ್ನ ನಾನು ಒಳಗೆ ಕರೆದು ಕಾಫಿ ಕೊಡಲ್ಲ."

"ಕಾಗದ ನಾಳೆ ಬರುತ್ತೆ, ಅದರ ಜೊತೆ ಕೈಕೋಳನೂ ಬರುತ್ತೆ. ಆಮೇಲೆ ಈ ಶಿಬಿರದಲ್ಲಿ ಇವನಿಗೆ ಕೆಲಸ ಯಾರು ಕೊಡ್ತಾರೋ ನೋಡೋಣ!"

ಆನ್ಸೆಲ್ಮೊ ತಲೆ ತಗ್ಗಿಸಿದ. ಅವನಿಗಿದ್ದ ಆಸ್ತಿ ಅವನ ಹೆಸರೊಂದೇ. ಕರೆಯದೆ ಇನ್ನೊಬ್ಬರ ಹೊಸ್ತಿಲು ತುಳಿಯಬಾರದು ಎಂಬುದು ನಮ್ಮಲ್ಲಿ ಬಿಗಿಯಾದ ಕಟ್ಟುಪಾಡು. ರಮೋನಾಳ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ಅವಳು ಹೇಳಿದಾಗ ಮಾತ್ರ ಜನ ಅನುಮಾನದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಮುಂದೆ ಬಂದವನು ಆರ್ವಿಲ್ ಸ್ಟಾಂಗ್ಲೆಂಡ್. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ. ಅವನ ಪಿಕಪ್ ಎಷ್ಟು ಹೊರಬಲ್ಲದೋ ಅದಕ್ಕೆ ಹೇಳಿಮಾಡಿಸಿದಂತಹ ಕ್ಯಾಂಪರನ್ನು ಎರಡು ವರ್ಷ ಹುಡುಕಿ ತಂದವನು. ಹೊಸಬರು ಬಂದರೆ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಹೊರೆಯ ಮಿತಿಯನ್ನು ಓದಿಸದೆ ಬಿಡುತ್ತಿರಲಿಲ್ಲ. "ಮರಳುಗಾಡಿಗೆ ಬರೋನು ನೀರಿನ ಟ್ಯಾಂಕ್ ತುಂಬಿಸ್ಕೊಂಡೇ ಇರ್ಬೇಕು, ತುಂಬಿಸ್ಕೊಂಡೂ ಮಿತಿಯೊಳಗಿರ್ಬೇಕು" ಎಂಬುದು ಅವನ ನಿತ್ಯದ ಉಪದೇಶ.

"ಒಳಗೆ ಹೋಗೋದು ಬೇಡ," ಎಂದ ಡೆಪ್ಯುಟಿಗೆ. "ಹಳ್ಳದ ಈಚೆಗೇ ಜಲ್ಲಿ ಗಣಿಯ ತೂಕದ ಕಟ್ಟೆ ಇದೆ. ಎಲ್ಲಾ ಗಾಡಿ ತೂಗಿ. ತೂಕಕ್ಕೆ ನಾಚಿಕೆ ಯಾಕೆ?"

ಡೋರಾ ನನ್ನ ಕಿವಿಯಲ್ಲಿ, "ಬೆಳಿಗ್ಗೆ ಇವನು ಜಗ್ ಹಿಡ್ಕೊಂಡು ಹೋಗ್ತಿದ್ದ ಹಾಗಿತ್ತು, ನಿಮ್ಮ ಹತ್ರ ಬಂದಿದ್ನಾ?" ಎಂದು ಕೇಳಿದಳು.

"ಬಂದಿದ್ದ. ನಾನು ಚರ್ಚಿಗೆ ಹೊರಡುವ ಮುಂಚೆಯೇ. ಕಾಫಿಗೆ ಒಂದು ಜಗ್ ನೀರು ಬೇಕು, ಪಂಪು ಕೆಟ್ಟಿದೆ ಅಂದ."

"ಉಪ್ಪೂ ಕಡ ಕೇಳದ ಮನುಷ್ಯ!" ಎಂದಳು. ಕಟ್ಟೆಗೆ ಹೋಗುವ ದಾರಿಯಲ್ಲಿ ಆರ್ವಿಲನ ಜಾಗದ ಬಳಿ ಸ್ವಲ್ಪ ನಿಂತಳು. ಅವನ ಗಾಡಿ ನಿಂತಿದ್ದಲ್ಲಿ ಹಿಂಗಾಲಿಯ ಪಕ್ಕದ ಮರಳು ಕಪ್ಪಗೆ ಒದ್ದೆಯಾಗಿತ್ತು. ಲಾವಕ್ಕಿಗಳ ಹಿಂಡೊಂದು ಅಲ್ಲಿ ಗಡಿಬಿಡಿಯಿಂದ ಕುಕ್ಕುತ್ತಿತ್ತು. ಅವಳು ಬಗ್ಗಿ ಒದ್ದೆ ಮರಳನ್ನು ಮುಟ್ಟಿ ನೋಡಿ ಮುಂದೆ ನಡೆದಳು.

ಜಲ್ಲಿ ಗಣಿಯ ಕಟ್ಟೆಯ ಸುತ್ತ ಶಿಬಿರವೇ ನೆರೆಯಿತು. ಒಂದೊಂದೇ ಗಾಡಿ ಹತ್ತಿತು. ಕೆಂಪು ಅಂಕಿಗಳು ಹಲಗೆಯ ಮೇಲೆ ಮೂಡಿದವು. ಆಮೇಲೆ ಆನ್ಸೆಲ್ಮೊನ ಸರದಿ ಬಂತು. ಅವನ ಗಾಡಿಯ ಮಿತಿ ಹತ್ತು ಸಾವಿರ ಪೌಂಡ್. ಹಲಗೆ ತೋರಿಸಿದ್ದು ಹತ್ತು ಸಾವಿರದ ಇನ್ನೂರ ಅರವತ್ತು.

"ನೋಡ್ರಪ್ಪಾ, ಗಂಟೆ ಅಲ್ಲೇ ಕೂತಿದೆ!" ಎಂದು ಡೆಪ್ಯುಟಿ ತೊಡೆ ತಟ್ಟಿದ.

ಕೊನೆಗೆ ಆರ್ವಿಲ್. ಹತ್ತುವ ಮೊದಲೇ ಕಿಟಕಿಯಿಂದ ತಲೆ ಹಾಕಿ ಕೂಗಿದ: "ಹನ್ನೊಂದು ಸಾವಿರದ ಮುನ್ನೂರೈವತ್ತು! ಮಿತಿಗೆ ಐವತ್ತು ಕಡಿಮೆ. ಹೋದ ವಾರ ಅಷ್ಟೇ, ಈ ವಾರನೂ ಅಷ್ಟೇ."

ಹಲಗೆಯಲ್ಲಿ ಬಂದದ್ದೂ ಅಷ್ಟೇ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಡೋರಾ ಮಡಿಸುವ ಕುರ್ಚಿಯಿಂದ ಎದ್ದಳು. "ಆರ್ವಿಲ್, ಗಾಡಿ ಅಲ್ಲೇ ಇರಲಿ. ಬಾಯಾರ್ತಿದೆ, ಒಂದು ಲೋಟ ನೀರು ಕೊಡು."

"ಪಂಪು ಕೆಟ್ಟಿದೆ, ಡೋರಾ. ಎಲ್ಡರ್‌ಗೂ ಹೇಳಿದೀನಿ."

"ಪಂಪು ಕೆಟ್ರೆ ನೀರು ಟ್ಯಾಂಕಲ್ಲೇ ಇರ್ಬೇಕಲ್ಲ? ಕೆಳಗೆ, ಗಾಡಿಯ ಹೊರಗಡೆನೇ ಖಾಲಿ ಮಾಡೋ ನಲ್ಲಿ ಇದೆ. ಅದಕ್ಕೆ ಪಂಪು ಬೇಡ, ಜಡ್ಜ್ ಕಾಗದನೂ ಬೇಡ. ನೀನೇ ತಿರುಗಿಸು."

ಆರ್ವಿಲ್ ಸ್ಟೇರಿಂಗ್ ಹಿಡಿದ ಕೈಯನ್ನು ತೆಗೆಯಲಿಲ್ಲ. ಡೋರಾ ಕಾದಳು. ಅವನು ಅಲುಗಾಡದಿದ್ದಾಗ, "ನೀನು ಬೇಡ ಅಂದ್ರೆ ಮುಟ್ಟಲ್ಲ," ಎಂದಳು.

ಆ ಮಾತು ಅವನಿಗೆ ನಾಟಿತು. ಇಳಿದು, ಬಗ್ಗಿ, ತಾನೇ ನಲ್ಲಿ ತಿರುಗಿಸಿದ. ಒಂದು ಹನಿಯೂ ಬೀಳಲಿಲ್ಲ.

"ಈಗ ಎಲ್ಲರೂ ಕೇಳಿ," ಎಂದಳು ಡೋರಾ. "ಆರ್ವಿಲ್ ವಾರ ವಾರ ತೂಗೋದು ಟ್ಯಾಂಕ್ ತುಂಬಿದ ಮೇಲೆ. ತುಂಬಿದ ಟ್ಯಾಂಕಿನ ನೀರು ಮೂವತ್ತು ಗ್ಯಾಲನ್, ಅಂದ್ರೆ ಇನ್ನೂರೈವತ್ತು ಪೌಂಡ್. ಇವತ್ತು ಟ್ಯಾಂಕ್ ಒಣಗಿದೆ. ಆದ್ರೂ ಗಾಡಿ ಒಂದು ಪೌಂಡೂ ಇಳಿದಿಲ್ಲ. ನೀರಿನ ಜಾಗದಲ್ಲಿ ಏನು ಕೂತಿದೆ?"

"ತೂಗ್ತಾರೆ ಅಂತ ಗೊತ್ತಾಗಿ ನೀರು ಚೆಲ್ಲಿದ್ನಾ?" ಎಂದು ಡೆಪ್ಯುಟಿ ಕೇಳಿದ.

"ಇಲ್ಲ. ಮಳೆ ಬೀಳದ ನೆಲದಲ್ಲಿ ಇವನ ಚಕ್ರದ ಪಕ್ಕ ಮಾತ್ರ ಮರಳು ಒದ್ದೆ, ಲಾವಕ್ಕಿಗಳಿಗೆ ಹಬ್ಬ. ಬೆಳಿಗ್ಗೆ ಎದ್ದವನೇ ಎಲ್ಡರ್ ಹತ್ರ ನೀರಿಗೆ ಬಂದಿದ್ದ, ಆಗಿನ್ನೂ ಯಾರೂ ತೂಕದ ಮಾತೇ ಎತ್ತಿರಲಿಲ್ಲ. ಟ್ಯಾಂಕ್ ರಾತ್ರಿನೇ ಖಾಲಿಯಾಗಿತ್ತು. ಯಾರಿಗೂ ಹೆದರಿ ಅಲ್ಲ. ಗಂಟೆನೂ ಇಟ್ಕೊಂಡು ನೀರೂ ಇಟ್ಕೊಂಡ್ರೆ ಗಾಡಿ ಮಿತಿ ಮೀರುತ್ತೆ. ಆರ್ವಿಲ್ ಸ್ಟಾಂಗ್ಲೆಂಡ್ ಬೇರೆ ಏನಾದ್ರೂ ಮಾಡಿಯಾನು, ಭಾರ ಮೀರಿದ ಗಾಡೀನ ರಸ್ತೆಗೆ ಇಳಿಸಲ್ಲ."

"ಮತ್ತೆ ಆನ್ಸೆಲ್ಮೊ? ಆ ಇನ್ನೂರ ಅರವತ್ತು?" ಎಂದ ಡೆಪ್ಯುಟಿ.

"ಎಲ್ಡರ್, ಸಂಜೆ ಆನ್ಸೆಲ್ಮೊ ಕೆಲಸ ಮುಗಿಸಿ ಬಂದಾಗ ಅವನ ಗಾಡಿ ದೀಪ ಎಲ್ಲಿ ಬೀಳುತ್ತೆ?" ಡೋರಾ ನನ್ನ ಕಡೆ ತಿರುಗಿದಳು.

"ನನ್ನ ಕಿಟಕಿಯ ಮೇಲಿನ ಅಂಚಿಗೆ," ಎಂದೆ. "ನವೆಂಬರಿನಿಂದಲೂ ಹಾಗೆಯೇ. ಅದಕ್ಕೇ ಎತ್ತರದ ಪರದೆ ಹಾಕಿಸಿದ್ದೇನೆ."

"ಕೇಳಿದ್ರಾ? ಹಿಂಭಾಗ ಕುಸಿದಿದ್ರೆ ಮುಂದಿನ ದೀಪ ಆಕಾಶ ನೋಡುತ್ತೆ. ಆ ಗಾಡಿ ಕುಸಿದಿದ್ದು ಗಂಟೆ ಇಳಿಸೋದಕ್ಕಿಂತ ಎಷ್ಟೋ ಮುಂಚೆ. ಆನ್ಸೆಲ್ಮೊ, ಕ್ಯಾಂಪರ್ ಮಾರಿದವನು ನಿಂಗೆ ಹೇಳಿದ್ದು ಖಾಲಿ ತೂಕ. ಬ್ಯಾಟರಿ, ಗ್ಯಾಸು, ನೀರು, ಬೆಸುಗೆ ಸಾಮಾನು, ರಮೋನಾ ಹೊಲಿಗೆ ಯಂತ್ರ, ನೀವಿಬ್ಬರು, ಇದ್ಯಾವುದನ್ನೂ ಅವನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಆ ಗಾಡಿಗೆ ಈ ಮನೆ ದೊಡ್ಡದಾಯ್ತು."

"ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಹಾಕಿಸ್ತೀನಿ ಅಂತಿದ್ದೆ," ಎಂದ ಆನ್ಸೆಲ್ಮೊ ಸಣ್ಣ ದನಿಯಲ್ಲಿ.

"ಚೀಲ ಹಿಂಭಾಗ ಎತ್ತುತ್ತೆ ಕಣಪ್ಪಾ, ಮಿತಿ ಎತ್ತಲ್ಲ."

ಆರ್ವಿಲ್ ತಾನೇ ಕ್ಯಾಂಪರಿನ ಬಾಗಿಲು ತೆರೆದ. ಮೇಜಿನ ಪಕ್ಕದ ಆಸನದಡಿ ಕೌದಿಯಲ್ಲಿ ಸುತ್ತಿದ ಗಂಟೆ ಇತ್ತು. ಶನಿವಾರ ಹಾಡು ಜೋರಾಗಿದ್ದಾಗ ಎರಡು ಹಲಗೆ, ಹಗ್ಗ ಎಳೆಯುವ ಒಂದು ಕೈರಾಟೆ ಹಿಡಿದು ಒಬ್ಬನೇ ಏರಿಸಿದ್ದನಂತೆ.

"ಗಣಿ ಶಾಲೇಲಿ ನಮ್ಮಮ್ಮ ಟೀಚರ್," ಎಂದ. "ದಿನಾ ಬೆಳಿಗ್ಗೆ ಇದನ್ನ ಬಾರಿಸ್ತಿದ್ಲು."

"ನನ್ನನ್ನು ಕೇಳಬಾರದಿತ್ತೇ, ಆರ್ವಿಲ್?" ಎಂದೆ. ಆ ಗಂಟೆಯ ದನಿಗಾಗಿ ಕಿವಿಗೊಟ್ಟು ಕೂರುವವನು ನಾನೊಬ್ಬನೇ ಅಲ್ಲವೆಂದು ಆಗ ತಿಳಿಯಿತು.

"ಕೇಳೋದು ನನಗೆ ಬರಲ್ಲ, ಎಲ್ಡರ್." ಡೆಪ್ಯುಟಿ ತೋಳು ಹಿಡಿದಾಗ ಅವನು ಬೆನ್ನು ನೆಟ್ಟಗೆ ಮಾಡಿದ. "ಒಂದು ಮಾತು ಬರ್ಕೊಳ್ಳಪ್ಪಾ. ಗಂಟೆ ಸೇರಿನೂ ನನ್ನ ಗಾಡಿ ಮಿತಿಯೊಳಗೇ ಇತ್ತು."

ಆನ್ಸೆಲ್ಮೊನೂ ಇನ್ನಿಬ್ಬರೂ ಗಂಟೆಯನ್ನು ಇಳಿಸಿದರು. ಆನ್ಸೆಲ್ಮೊ ಅಂಗಿಯ ತೋಳಿನಿಂದ ಅದರ ಅಂಚನ್ನು ಒರೆಸಿದ. ಡೆಪ್ಯುಟಿ ಅವನ ಬಳಿ ಹೋಗಿ ತಗ್ಗಿದ ದನಿಯಲ್ಲಿ, "ತಪ್ಪಾಯ್ತಪ್ಪಾ, ಏನೂ ಅಂದ್ಕೋಬೇಡ," ಎಂದ.

ರಮೋನಾ ನಡುವೆ ಬಂದಳು. "ಬೆಳಿಗ್ಗೆ ಇಷ್ಟು ಮೆತ್ತಗೆ ಹೇಳಿರಲಿಲ್ಲವಲ್ಲ, ಸಾಹೇಬ್ರೇ? ಮೆಟ್ಟಿಲ ಮೇಲೆ ನಿಂತು, ಎರಡೆರಡು ಸಲ, ಹೆಸರು ಹಿಡಿದು ಕೂಗಿದ್ರಿ. ಇಲ್ಲೂ ಮೆಟ್ಟಿಲಿದೆ."

ಕ್ಲೈಡ್ ನಟ್ಟಲ್ ಅವಳನ್ನು ನೋಡಿದ, ಜನರನ್ನು ನೋಡಿದ. ಟೋಪಿ ತೆಗೆದು ತೂಕದ ಕಟ್ಟೆಯ ಮೆಟ್ಟಿಲು ಹತ್ತಿದ.

"ಆನ್ಸೆಲ್ಮೊ ಟಫೋಯಾ ಗಂಟೆ ಕದ್ದಿಲ್ಲ! ಅವನು ಮರ್ಯಾದಸ್ಥ!"

ಆನ್ಸೆಲ್ಮೊ ಮೊದಲ ಬಾರಿಗೆ ತಲೆ ಎತ್ತಿದ. ರಮೋನಾ ಸೊಂಟದ ಮೇಲೆ ಕೈಯಿಟ್ಟು ಗಣಿಯ ಆ ತುದಿಯವರೆಗೂ ಕಣ್ಣು ಹಾಯಿಸಿದಳು.

"ಇನ್ನೊಂದ್ಸಲ," ಎಂದಳು. "ಹಿಂದಿನವರಿಗೆ ಕೇಳಿಸಿಲ್ಲ."