ಮೂವತ್ತರವರೆಗೆ ಎಣಿಸಬೇಕು

ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೂ ಇದು ನಮ್ಮ ಮನೆಯಲ್ಲೇ, ಭಾನುವಾರ ಹಾಡಹಗಲಲ್ಲಿ ನಡೆದದ್ದು. ಇಂಟರ್ನೆಟ್ ಕಂಪನಿಯ ಮೋಡೆಮ್‌ಗೆ ನಮ್ಮದೇ ಹೊಸ ರೂಟರ್ ಜೋಡಿಸುತ್ತಿದ್ದೆ. ಪಕ್ಕದಲ್ಲಿ ಅತ್ತೆ ಮೂಲೆಯ ಕತ್ತಲಿಗೆ ಟಾರ್ಚ್ ಹಿಡಿದು ಕೂತಿದ್ದರು. ಮೊದಲಾದರೆ ಇದೆಲ್ಲ ಆರು ತಿಂಗಳ ಹಿಂದೆ ತೀರಿಕೊಂಡ ಮಾವನವರ ಕೆಲಸ. ಮೋಡೆಮ್ ಆರಿಸಿದರೆ, ಮೂವತ್ತರವರೆಗೆ ಗಟ್ಟಿಯಾಗಿ ಎಣಿಸುವ ತನಕ ಅವರು ಸ್ವಿಚ್ ಮುಟ್ಟಗೊಡುತ್ತಿರಲಿಲ್ಲ.

ನಾನು ಹತ್ತಕ್ಕೇ ಸ್ವಿಚ್ ಹಾಕಿದೆ. ಟಕ್ ಎಂದು ಅದು ತಾನಾಗಿಯೇ ಆರಿತು. ಮತ್ತೆ ಹಾಕಿದೆ, ಮತ್ತೆ ಟಕ್.

“ಅವ್ರು ಎಣಿಸ್ತಿದ್ದ ಹಾಗೇ ಎಣಿಸಮ್ಮ, ಸುಮ್ನೆ ಯಾಕೆ ಹಟ?” ಎಂದು ಅತ್ತೆ ನಕ್ಕರು.

ಮೂವತ್ತು ಎಣಿಸಿದೆ. ದೀಪಗಳು ಹತ್ತಿ ನಿಂತವು. ರೂಟರಿಗೆ ಹೊಸ ಪಾಸ್‌ವರ್ಡ್ ಕೊಟ್ಟೆ. ಇನ್ನೂ ಯಾರಿಗೂ ಹೇಳಿರಲಿಲ್ಲ. ಯಾವ್ಯಾವುದು ಸೇರಿಕೊಂಡಿದೆ ಎಂದು ಪಟ್ಟಿ ತೆರೆದರೆ, ಕೇಬಲ್ ಚುಚ್ಚಿದ್ದ ನನ್ನ ಲ್ಯಾಪ್‌ಟಾಪಿನ ಹೆಸರಿನ ಕೆಳಗೆ ‘ಯಜಮಾನ’ ಎಂದಿತ್ತು. ಮಾವ ತಮ್ಮ ಫೋನಿಗೆ ತಮಾಷೆಗೆ ಇಟ್ಟುಕೊಂಡಿದ್ದ ಹೆಸರು ಅದು.

ಅತ್ತೆ ಬೀರುವಿನಿಂದ ಆ ಫೋನ್ ತಂದರು. “ಬೆಚ್ಚಗಿದೆ ನೋಡಮ್ಮ,” ಎಂದು ಕೆನ್ನೆಗೆ ಒತ್ತಿಕೊಂಡರು. “ಇರ್ಲಿ ಬಿಡು, ಹೆಸರು ಅಳಿಸ್ಬೇಡ.”

ಅಳಿಸಲಿಲ್ಲ. ಫೋನಿನ ಹಿಂದಿನ ಮುಚ್ಚಳ ಮಾತ್ರ ತೆಗೆದು ನೋಡಿದೆ. ಬ್ಯಾಟರಿ ಇರಬೇಕಾದ ಜಾಗ ಖಾಲಿಯಾಗಿತ್ತು.