ಮನೆತನದ ಕತ್ತಿ

ಹಳೆಯ ಕತ್ತಿ ಸಿಕ್ಕಿದರೆ ಆದೋನಿಯ ಸುತ್ತಲಿನ ಜನ ಅದನ್ನು ಹತ್ತಿ ವ್ಯಾಪಾರಿ ವಾಗೀಶನ ಮನೆಗೆ ತರುತ್ತಿದ್ದರು. ಬಾಗು, ಹಿಡಿ, ಹಿಡಿಯ ಮೇಲೆ ಒತ್ತಿದ ಅಂಕಿ ನೋಡಿ ಅವನು ಇದು ಕುದುರೆ ದಂಡಿನದು, ಇದು ನಾಟಕ ಕಂಪನಿಯದು ಎಂದು ಹೇಳಿಬಿಡುತ್ತಿದ್ದ. ಅವನ ಮಾತಿನ ಬಲದಿಂದಲೇ ಹೊಳಗುಂದದ ಉಚ್ಚೀರಪ್ಪ ತನ್ನ ಮನೆಯ ಕತ್ತಿ ತೋರಿಸಿ ವೀರರ ವಂಶದವನೆಂದು ಸನ್ಮಾನ ಮಾಡಿಸಿಕೊಂಡ. ಆ ವೇದಿಕೆಯಲ್ಲಿ ವಾಗೀಶನಿಗೆ ಒಂದು ಕುರ್ಚಿಯೂ ಇರಲಿಲ್ಲ.

ಅದೇ ವಾರ ಸಂತೆಯಲ್ಲಿ, ಗುಜರಿ ಗಾಡಿಯವನ ಬಳಿ ಅವನಿಗೊಂದು ಕತ್ತಿ ಕಂಡಿತು. ಇಂಗ್ಲಿಷರ ಕಾಲದ ಸವಾರನದು, ಅಪ್ಪಟ ಅಸಲಿ. ಗಾಡಿಯವನು ಯಾವೂರಿನವನೋ, ಮತ್ತೆ ಈ ಕಡೆ ಬರುವವನಲ್ಲ. ವಾಗೀಶನಿಗೆ ಅದೂ ಅನುಕೂಲವೇ ಆಯಿತು; ಕತ್ತಿಯನ್ನು ಕೊಂಡು ತಂದ.

ದಡ್ಡರು ಕತ್ತಿಯನ್ನೇ ನಕಲು ಮಾಡಿ ಸಿಕ್ಕಿಬೀಳುತ್ತಾರೆ. ಅವನು ನಕಲು ಮಾಡಿದ್ದು ಅದರ ಚರಿತ್ರೆಯನ್ನು ಮಾತ್ರ. ಹೊಲ ಬಿಟ್ಟು ಎಲ್ಲಿಗೂ ಹೋಗದ ತನ್ನ ಮುತ್ತಜ್ಜನನ್ನು ದಂಡಿಗೆ ಸೇರಿಸಿದ. ಹಿಡಿಗೆ ಪದರ ಪದರವಾಗಿ ವಿಭೂತಿ, ಕುಂಕುಮ ಹಚ್ಚಿ, ದೀಪದ ಹೊಗೆ ಹಿಡಿಸಿ ದೇವರ ಜಗಲಿಯ ಮೇಲಿಟ್ಟ. ಹೈದರಾಬಾದಿನಲ್ಲಿ ಇಂಥವನ್ನು ಕೊಳ್ಳುವ ಶ್ರೀಮಂತನೊಬ್ಬನಿದ್ದ. ಕತ್ತಿ ಎಂದಾದರೂ ಕೈ ಬದಲಾಗಿತ್ತೇ ಎಂಬುದೊಂದೇ ಅವನ ಪ್ರಶ್ನೆ. ಅದಕ್ಕೆ ಸಾಕ್ಷಿಯಾಗಿ ದೊಡ್ಡಮ್ಮ ಗುರುಶಾಂತಮ್ಮ ಇದ್ದಳು. ಆಕೆಯ ಮಾತನ್ನು ಊರಲ್ಲಿ ಯಾರೂ ಅನುಮಾನಿಸಿದವರಲ್ಲ.

“ಸುಳ್ಳು ಹೇಳಾಕ ಬರಂಗಿಲ್ಲಪ ನನಗ,” ಎಂದಳು ಆಕೆ.

“ನಮ್ಮ ಮನಿ ಮರ್ಯಾದಿ ಐತಿ ದೊಡ್ಡಮ್ಮ ಇದರಾಗ. ಸೊಸಿಯಾಗಿ ಬಂದಾಗಿಂದ ನೋಡೀನಿ ಅನ್ನು, ಸಾಕು.”

ಮನೆಯ ಮರ್ಯಾದೆ ಎಂದೊಡನೆ ಆಕೆ ಒಪ್ಪಿದಳು. ದಿನವೂ ಪೂಜೆಯಾದ ಮೇಲೆ ಅವನು ಆಕೆಯಿಂದ ಪಾಠ ಒಪ್ಪಿಸಿಕೊಂಡ. ಪತ್ರಿಕೆಯಲ್ಲಿ ಕತ್ತಿಯ ದೊಡ್ಡ ಫೋಟೋ ಬಂತು. ಉಚ್ಚೀರಪ್ಪನೇ ಬಂದು ಕೈಮುಗಿದು ಹೋದ. ವಾಗೀಶ ಅವನನ್ನು ಕೂತುಕೋ ಎನ್ನಲಿಲ್ಲ.

ಹೈದರಾಬಾದಿನವನಿಗಿಂತ ಮೊದಲು ಬಂದದ್ದು ಪೊಲೀಸ್ ಇನ್ಸ್‌ಪೆಕ್ಟರ್. ಪರವಾಗಿಲ್ಲ, ಸರಕಾರದವರೂ ಕೇಳಲಿ ಎಂದುಕೊಂಡು ವಾಗೀಶ ಕಾಫಿ ತರಿಸಿದ.

“ಇದು ಯಾವತ್ತರ ಮನಿ ಬಿಟ್ಟು ಹೋಗಿತ್ತೇನಮ್ಮ?”

“ಇಲ್ರಿ. ನಾ ಸೊಸಿಯಾಗಿ ಬಂದಾಗಿಂದ ಜಗಲಿ ಬಿಟ್ಟಿಲ್ಲ.” ಗುರುಶಾಂತಮ್ಮ ಕಲಿಸದ ಮಾತನ್ನೂ ಪ್ರೀತಿಯಿಂದ ಸೇರಿಸಿದಳು. “ನಮ್ಮ ವಾಗೀಶ ಒಬ್ಬನ್ನ ಬಿಟ್ರ ಯಾರೂ ಮುಟ್ಟಂಗಿಲ್ರಿ.”

ಇನ್ಸ್‌ಪೆಕ್ಟರ್ ಜೇಬಿನಿಂದ ಸಣ್ಣ ಪೊಟ್ಟಣವೊಂದನ್ನು ತೆಗೆದರು. ಅದರಲ್ಲಿದ್ದದ್ದು ಉಗುರಿನಷ್ಟು ಉಕ್ಕಿನ ಚೂರು. ಹೋದ ವರ್ಷ ನಾಗಲದಿನ್ನೆಯಲ್ಲಿ ಕೊಲೆಯಾದವನ ಬೆನ್ನೆಲುಬಿನಲ್ಲಿ ಸಿಕ್ಕಿದ್ದು. ಬಾಗು, ಹಿಡಿ, ಅಂಕಿ ಎಲ್ಲವನ್ನೂ ಓದಿದ್ದ ವಾಗೀಶ, ಕತ್ತಿಯ ತುದಿ ಮುರಿದಿರುವುದು ಯಾವುದೋ ಹಳೆಯ ಯುದ್ಧದಲ್ಲೆಂದು ಬಗೆದು ಹಿಗ್ಗಿದ್ದ. ಚೂರು ಕೂದಲೆಳೆಯ ಸಂದೂ ಇಲ್ಲದೆ ಅಲ್ಲಿ ಕೂತಿತು. “ಸಂತ್ಯಾಗ ತಗೊಂಡಿದ್ದು ಸಾರ್, ನಮ್ಮದಲ್ಲ ಇದು,” ಎಂದು ಅವನು ತೊದಲಿದ. ಇನ್ಸ್‌ಪೆಕ್ಟರ್ ಗುರುಶಾಂತಮ್ಮನ ಮುಖ ನೋಡಿದರು. “ನಿಮ್ಮನ್ನ ನೋಡಿ ಅಂಜ್ಯಾನ್ರಿ,” ಎಂದಳು ಆಕೆ, “ಅದು ನಮ್ಮ ಮನಿದ ಐತಿ.”